ಅಚ್ಚಿನ ಕೋಣೆಯ ಸರ್ವರ್

ಜೂನ್ ೩, ಮಂಗಳವಾರ

ರಜೆ ಶುರು. ಸೂಟ್‌ಕೇಸನ್ನು ಸೋಫಾದ ಹಿಂದೆ ಇಟ್ಟಿದ್ದೇನೆ, ಯಾರ ಕಾಲಿಗೂ ಸಿಗದ ಹಾಗೆ.

ಬಂದ ಕೂಡಲೇ ಅಪ್ಪನಿಗೆ ಮುಖ ತೋರಿಸೋಣ ಅಂತ ಕೆಳಗೆ ಕ್ಲಿನಿಕ್ಕಿಗೆ ಇಳಿದೆ. ಕೌಂಟರಿನಲ್ಲಿ ಹೊಸ ಆಂಟಿ.

"ಹೊಸ ಪೇಷೆಂಟಾ? ಯಾವ ಹಲ್ಲು ನೋವು?"

"ಇಲ್ಲ, ನಾನು ಡಾಕ್ಟರ್ ಮಗಳು."

"ಡಾಕ್ಟರ್ ಮಗಳು ಆ ಕಡೆ ಕ್ಲಿನಿಕ್ಕಲ್ಲಿ ಇರ್ತಾರಲ್ಲಮ್ಮ?"

"ಅದು ಅಕ್ಕ. ನಾನು ಚಿಕ್ಕವಳು. ಹಾಸ್ಟೆಲ್ಲಿನವಳು."

ಆಂಟಿ ನನ್ನ ಬಾಯಿಯನ್ನೇ ನೋಡಿದರು. ಯಾಕೆ ಅಂತ ಗೊತ್ತು. ನನ್ನ ಮೇಲಿನ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆ. ಹಲ್ಲಿನ ಡಾಕ್ಟರ ಮಗಳಿಗೆ ಇಂಥ ಹಲ್ಲು ಹೇಗೆ ಅಂತ ಎಲ್ಲರೂ ಒಂದು ಸಲ ನೋಡಿಯೇ ನೋಡುತ್ತಾರೆ. ಬಾಯಿ ಮುಚ್ಚಿಕೊಂಡು ಸಾರಿ ಅಂದೆ. ಯಾತಕ್ಕೆ ಸಾರಿ ಅಂತ ಮೆಟ್ಟಿಲು ಹತ್ತುವಾಗ ಯೋಚಿಸಿದೆ, ಗೊತ್ತಾಗಲಿಲ್ಲ.

ಮಧ್ಯಾಹ್ನ ಫ್ರಿಜ್ ತೆಗೆಯಬಹುದಾ ಅಂತ ಕೇಳಿದೆ. ಅಮ್ಮ ನಕ್ಕಳು. "ಇದೇನು ಮೆಸ್ಸಾ? ತೆಗಿಯೇ," ಅಂದಳು. ಆದರೆ ನಗು ಮುಗಿದ ಮೇಲೂ ನನ್ನನ್ನೇ ನೋಡುತ್ತಿದ್ದಳು.

ಜೂನ್ ೫, ಗುರುವಾರ

ಊಟಕ್ಕೆ ಕೂತಾಗ ಅಪ್ಪನೇ ವಿಷಯ ತೆಗೆದರು.

"ಮರೀ, ಕ್ಲೌಡ್ ಅಂತಾರಲ್ಲ, ನಿಮ್ಮ ಕಾಲೇಜಲ್ಲಿ ಅದನ್ನ ಹೇಳ್ಕೊಡ್ತಾರಾ?"

ಹೇಳಿಕೊಟ್ಟಿಲ್ಲ. ಆದರೆ ಲ್ಯಾಬಿನಲ್ಲಿ ಸೀನಿಯರ್‌ಗಳು ಹಳೇ ಮೆಷಿನ್‌ಗಳನ್ನು ಜೋಡಿಸಿ ಅಂಥದ್ದೊಂದು ಕಟ್ಟುವಾಗ ಕೇಬಲ್ ಎಳೆದುಕೊಟ್ಟಿದ್ದೇನೆ, ಪಕ್ಕದಲ್ಲಿ ನಿಂತು ಎಲ್ಲ ನೋಡಿದ್ದೇನೆ. "ಸ್ವಲ್ಪ ಗೊತ್ತು," ಅಂದೆ.

"ಫಸ್ಟ್ ಇಯರ್ ಕಣಪ್ಪ ಅವಳು," ಅಂದಳು ಅಕ್ಕ. "ಇನ್ನೂ ಮೌಸ್ ಹಿಡಿಯೋದು ಹೇಳ್ಕೊಡ್ತಿರ್ತಾರೆ. ಅಲ್ವೇನೇ ಹಾಸ್ಟೆಲ್ಲು?"

ಅವಳು ನನ್ನನ್ನು ಕರೆಯುವುದೇ ಹಾಗೆ.

ಅಪ್ಪನ ಸಮಸ್ಯೆ ಇದು. ಇಲ್ಲಿಯ ಎಕ್ಸ್‌ರೇ ಅಕ್ಕನ ಕ್ಲಿನಿಕ್ಕಿನಲ್ಲಿ ಕಾಣಬೇಕು, ಅಲ್ಲಿಯದು ಇಲ್ಲಿ ಕಾಣಬೇಕು. ಪೆನ್‌ಡ್ರೈವ್ ಹೊತ್ತು ಊರಿನ ಈ ತುದಿಯಿಂದ ಆ ತುದಿಗೆ ಓಡಾಡಿ ಸಾಕಾಗಿದೆ. ಕಂಪನಿಯವರ ಕ್ಲೌಡ್ ಬೇಡ. "ನನ್ನ ಪೇಷೆಂಟ್ ಹಲ್ಲು ಇನ್ಯಾರದೋ ಮನೇಲಿ ಯಾಕಿರಬೇಕು? ನಮ್ಮ ಮನೇಲೇ ಇರ್ಲಿ."

"ಅದನ್ನೇ ಪ್ರೈವೇಟ್ ಕ್ಲೌಡ್ ಅನ್ನೋದು ಅಪ್ಪ. ನಮ್ಮದೇ ಸರ್ವರ್. ಅದರೊಳಗೆ ಬೇಕಾದಷ್ಟು ವರ್ಚುವಲ್ ಮೆಷಿನ್, ಅಂದ್ರೆ ಒಂದು ಕಂಪ್ಯೂಟರಿನ ಹೊಟ್ಟೇಲಿ ಹತ್ತು ಕಂಪ್ಯೂಟರ್. ಆಮೇಲೆ ಒಂದು ವರ್ಚುವಲ್ ನೆಟ್‌ವರ್ಕ್ ಹಾಕಿದ್ರೆ, ಅಕ್ಕನ ಕ್ಲಿನಿಕ್ ಎಲ್ಲಿದ್ರೂ ಈ ಮನೆಯೊಳಗೇ ಇದ್ದ ಹಾಗೆ." ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಪ್ಪ ತುತ್ತು ಕೈಯಲ್ಲಿ ಹಿಡಿದೇ ಕೇಳಿದರು. ಅಪ್ಪ ಹಾಗೆ ನನ್ನ ಮಾತು ಕೇಳಿದ್ದು ಇದೇ ಮೊದಲಿರಬೇಕು.

ಅದೇ ಧೈರ್ಯದಲ್ಲಿ, ಹಾಸ್ಟೆಲ್ಲಿನಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೂ ಕೇಳಿದೆ. "ಮುಂದಿನ ಸೆಮಿಸ್ಟರ್‌ಗೆ ನಾನು ಮನೆಯಿಂದಾನೇ ಹೋಗ್ಬರ್ಲಾ? ಕಾಲೇಜು ಬಸ್ಸು ನಮ್ಮ ರಸ್ತೆ ಕೊನೇಲೇ ನಿಲ್ಲುತ್ತೆ."

ಅಪ್ಪ ಅನ್ನಕ್ಕೆ ಸಾರು ಬಡಿಸಿಕೊಂಡರು.

"ಎಲ್ಲಿ ಮಲಗ್ತೀಯ?" ಅಂದರು ಅಪ್ಪ. ಅಕ್ಕನ ರೂಮಿನಲ್ಲಿ ಆಗುವುದಿಲ್ಲ, ಲೈಟ್ ಇದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ.

ಅಮ್ಮ ಮೆಲ್ಲಗೆ, "ಅಚ್ಚಿನ ಕೋಣೆ ಇದೆಯಲ್ರೀ. ಆ ಹಲ್ಲಿನ ಅಚ್ಚೆಲ್ಲ ಕಂಪ್ಯೂಟರಿಗೆ ಹೋದ್ರೆ ಖಾಲಿ ಆಗುತ್ತೆ," ಅಂದಳು.

"ಮೊದ್ಲು ಖಾಲಿ ಆಗ್ಲಿ. ನೋಡೋಣ."

ನೋಡೋಣ ಅಂದರೆ ಆಗಲ್ಲ ಅಂತ ಅಲ್ಲ. ಅಲ್ಲವೇ ಅಲ್ಲ.

ಜೂನ್ ೯, ಸೋಮವಾರ

ಅಚ್ಚಿನ ಕೋಣೆ ಅಂದರೆ ಮಹಡಿಯ ಹಿಂಬದಿಯ ಚಿಕ್ಕ ಕೋಣೆ. ನೆಲದಿಂದ ಸೂರಿನವರೆಗೆ ಕಪಾಟು, ತುಂಬ ಪ್ಲಾಸ್ಟರಿನ ದವಡೆಗಳು. ಕ್ಯಾಪ್ ಕೂರಿಸುವಾಗ, ತಂತಿ ಹಾಕುವಾಗ ತೆಗೆದ ಅಚ್ಚುಗಳನ್ನು ಅಪ್ಪ ಎಸೆದೇ ಇಲ್ಲ. ಬಾಗಿಲು ತೆರೆದರೆ ಊರಿಗೆ ಊರೇ ಬಾಯಿ ತೆರೆದು ಕೂತ ಹಾಗೆ. ಕ್ಲಿನಿಕ್ ಶುರುವಾದ ವರ್ಷ ನನ್ನನ್ನು ಮೂರನೇ ಕ್ಲಾಸಿಗೆ ಹಾಸ್ಟೆಲ್ಲಿಗೆ ಹಾಕಿದರು. ಒಂದು ವರ್ಷದ ಮಟ್ಟಿಗೆ ಅಂದಿದ್ದರು. ಅದಕ್ಕೂ ಮೊದಲು ಈ ಕೋಣೆಯಲ್ಲಿ ಏನಿತ್ತೋ ನೆನಪಾಗಲಿಲ್ಲ, ಅಮ್ಮನನ್ನು ಕೇಳಿದೆ.

"ನಿನ್ನ ತೊಟ್ಟಿಲು. ಆಮೇಲೆ ನಿನ್ನ ಮಂಚ," ಅಂದಳು. ಅಷ್ಟು ಹೇಳಿ ಒಲೆ ಹತ್ತಿರ ಕೆಲಸ ಇದೆ ಅಂತ ಹೋದಳು.

ಬೆಳಗಿನಿಂದ ಒಂದೊಂದೇ ಅಚ್ಚನ್ನು ಧೂಳು ಒರೆಸಿ ಕ್ಲಿನಿಕ್ಕಿನ ಸ್ಕ್ಯಾನರಿನಲ್ಲಿ ಇಡುತ್ತೇನೆ. ಅದು ಗಿರ್ರನೆ ತಿರುಗಿಸಿ ಚಿತ್ರ ತೆಗೆಯುತ್ತದೆ. ಫೈಲಿಗೆ ಹೆಸರು ಕೊಟ್ಟು ಅಚ್ಚನ್ನು ಗೋಣಿಗೆ ಹಾಕುತ್ತೇನೆ. ಅಕ್ಕನ ಅಚ್ಚುಗಳು ಒಂದು ಸಾಲು ಪೂರ್ತಿ ಇವೆ, ತಂತಿಗೆ ಮುಂಚೆ, ನಡುವೆ, ಆಮೇಲೆ. ಅಮ್ಮನದೂ ಇದೆ. ನನ್ನದು ಎಲ್ಲೋ ಕೆಳಗಿರಬಹುದು ಅಂತ ಕೊನೆಯ ಅರೆಯವರೆಗೂ ಹುಡುಕಿದೆ.

ಸಂಜೆ ಅಪ್ಪನನ್ನು ಕೇಳಿದೆ, ತಮಾಷೆಗೆ ಅನ್ನುವ ಹಾಗೆ.

"ತಂತಿ ಹಾಕಿದ್ರೆ ತಿಂಗಳು ತಿಂಗಳು ಬಿಗಿ ಮಾಡ್ಬೇಕು ಮರೀ. ಹಾಸ್ಟೆಲ್ಲಲ್ಲಿದ್ದವಳಿಗೆ ಹೇಗೆ ಮಾಡೋದು?" ಅಂದರು. ಡಾಕ್ಟರ್ ದನಿಯಲ್ಲಿ.

ಸರಿ ಅಲ್ಲವಾ. ಸರಿಯೇ.

ಜೂನ್ ೧೨, ಗುರುವಾರ

ಸರ್ವರ್ ಬಂತು! ಯಾವುದೋ ಆಫೀಸು ಮುಚ್ಚುವಾಗ ಮಾರಿದ್ದು. ಮಗುವಿನ ಶವಪೆಟ್ಟಿಗೆಯಷ್ಟು ಭಾರ ಅಂದಳು ಅಕ್ಕ. ಅವಳ ಬಾಯಿಗೆ ಒಳ್ಳೆಯ ಮಾತೇ ಬರುವುದಿಲ್ಲ. ಸದ್ಯಕ್ಕೆ ಊಟದ ಮೇಜಿನ ಕೆಳಗೆ ಇಟ್ಟಿದ್ದೇನೆ. ಆನ್ ಮಾಡಿದರೆ ಹತ್ತು ಹೇರ್ ಡ್ರೈಯರ್ ಒಟ್ಟಿಗೆ ಕೂಗಿದ ಹಾಗೆ.

ಎರಡು ಡಿಸ್ಕ್ ಹಾಕಿದ್ದೇನೆ, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುತ್ತದೆ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ. ಎರಡು ವರ್ಚುವಲ್ ಮೆಷಿನ್ ಮಾಡಿದೆ, ಎಕ್ಸ್‌ರೇಗೆ ಒಂದು, ಅಪಾಯಿಂಟ್‌ಮೆಂಟಿಗೆ ಒಂದು. ಮೂರು ಸಲ ತಪ್ಪಿ ನಾಲ್ಕನೇ ಸಲಕ್ಕೆ ಎದ್ದಿತು. ಕೆಳಗೆ ಯಾರದೋ ದವಡೆಹಲ್ಲಿನ ಎಕ್ಸ್‌ರೇ ತೆಗೆದರು, ಮೇಲೆ ನನ್ನ ಸ್ಕ್ರೀನಿನಲ್ಲಿ ಮೂಡಿತು. ಅಪ್ಪ ಗ್ಲೌಸ್ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದು ನೋಡಿದರು. "ಪರವಾಗಿಲ್ವೇ!" ಅಂದರು.

ಪರವಾಗಿಲ್ವೇ ಅಂತ ಇವತ್ತಿನ ಪುಟದ ಮೇಲೆ ದೊಡ್ಡದಾಗಿ ಬರೆಯಬೇಕು ಅನ್ನಿಸಿತು. ಬರೆಯಲಿಲ್ಲ, ಯಾರಾದರೂ ನೋಡಿದರೆ ನಗುತ್ತಾರೆ.

ರಾತ್ರಿ ಊಟದ ಹೊತ್ತಿಗೆ ಅಕ್ಕ ಕಿವಿ ಮುಚ್ಚಿಕೊಂಡಳು. "ಇದನ್ನ ಎಲ್ಲಾದ್ರೂ ತಗೊಂಡು ಹೋಗಿ ಕೂಡಿಹಾಕೇ."

"ಸಿಕ್ಕಸಿಕ್ಕಲ್ಲಿ ಇಡೋಕಾಗಲ್ಲ," ಅಂದೆ, ತಿಳಿದವಳ ಹಾಗೆ. "ಧೂಳಿರಬಾರದು, ತಂಪಾಗಿರಬೇಕು, ಬೀಗ ಇರಬೇಕು."

ಜೂನ್ ೧೭, ಮಂಗಳವಾರ

ವರ್ಚುವಲ್ ನೆಟ್‌ವರ್ಕ್ ಕೂತಿದೆ, ಆದರೆ ಏನೂ ಹರಿಯುತ್ತಿಲ್ಲ. ಎರಡೂ ಕಡೆ ಹಸಿರು ದೀಪ. ಕೀ, ಅಂದರೆ ಗುಟ್ಟಿನ ಸಂಕೇತ, ಸರಿ ಇದೆ. ಆದರೂ ಅಕ್ಕನ ಕಂಪ್ಯೂಟರಿಗೆ ನಮ್ಮ ಸರ್ವರ್ ಕಾಣುವುದಿಲ್ಲ. ಅಕ್ಕ ಫೋನ್ ಮೇಲೆ ಫೋನ್.

"ಏನೇ, ನಿನ್ನ ಕೊಳವೆ ಕಟ್ಟಿಕೊಂಡಿದೆಯಾ? ಪೇಷೆಂಟ್ ಬಾಯಿ ತೆಗೆದು ಕೂತಿದ್ದಾರೆ, ನೊಣ ಹೋಗ್ತಿದೆ ಒಳಗೆ."

ಉಗುರು ಕಚ್ಚಿ ಕಚ್ಚಿ ಹೆಬ್ಬೆರಳಿನಲ್ಲಿ ರಕ್ತ. ಸಂಜೆ ಗೊತ್ತಾಯಿತು. ಎರಡೂ ಕಡೆ ರೂಟರ್ ಕೂರಿಸಿದವನು ಒಬ್ಬನೇ, ಫ್ಯಾಕ್ಟರಿಯಿಂದ ಬಂದ ನಂಬರುಗಳನ್ನು ಹಾಗೇ ಬಿಟ್ಟಿದ್ದಾನೆ. ಅಂದರೆ ಎರಡು ಮನೆಗೂ ಒಂದೇ ಬಾಗಿಲ ನಂಬರು. ಇಲ್ಲಿ ಹತ್ತನೇ ನಂಬರು ನನ್ನ ಸರ್ವರ್, ಅಲ್ಲಿ ಹತ್ತನೇ ನಂಬರು ಪ್ರಿಂಟರ್. ಅಕ್ಕನ ಕಂಪ್ಯೂಟರ್ ಎಕ್ಸ್‌ರೇ ಕೇಳುವುದು ಪಕ್ಕದ ಪ್ರಿಂಟರನ್ನು. ನಾನು ಮನೆಯೊಳಗೇ ಇದ್ದೇನೆ ಅಂತ ನಂಬಿಕೊಂಡದ್ದು ಹೊರಗೆ ಹೋಗಿ ಯಾಕೆ ಹುಡುಕುತ್ತದೆ?

ಯಾರಾದರೂ ಒಬ್ಬರು ನಂಬರು ಬದಲಾಯಿಸಬೇಕು. ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು. "ನನ್ನ ಕಡೆ ಒಂದು ವೈರೂ ಮುಟ್ಟಕೂಡದು."

ಈ ಕಡೆಯದನ್ನೇ ಬದಲಾಯಿಸುತ್ತೇನೆ.

ಜೂನ್ ೧೯, ಗುರುವಾರ

ತಪ್ಪಾಯಿತು.

ಮನೆಯ ನಂಬರುಗಳನ್ನೆಲ್ಲ ಬದಲಾಯಿಸಿದೆ, ಅಪ್ಪನ ಕುರ್ಚಿ ಪಕ್ಕದ ಎಕ್ಸ್‌ರೇ ಮೆಷಿನನ್ನು ಮರೆತೆ. ಅದಕ್ಕೆ ಯಾರೋ ಹಳೇ ನಂಬರನ್ನೇ ಗಟ್ಟಿ ಮಾಡಿ ಕೂರಿಸಿದ್ದರು. ಬೇರು ತೆಗೆಯುವ ಕೇಸು, ಇಂಜೆಕ್ಷನ್ ಕೊಟ್ಟಾಗಿದೆ, ಎಕ್ಸ್‌ರೇ ಬರುತ್ತಿಲ್ಲ. ಅಪ್ಪ ಕೆಳಗಿನಿಂದ ಕೂಗಿದರು. ಓಡಿದೆ. ಪೇಷೆಂಟ್ ಮುಂದೆ, ಕೌಂಟರ್ ಆಂಟಿ ಮುಂದೆ ಹೇಳಿದರು, "ಆಟ ಆಡೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಂಗೆ? ಇದಕ್ಕೇ ಹೇಳೋದು ಮಕ್ಕಳನ್ನ ಕ್ಲಿನಿಕ್ಕಿಗೆ ಬಿಟ್ಟುಕೋಬಾರ್ದು ಅಂತ."

ಪೇಷೆಂಟಿನ ಅರ್ಧ ಮುಖ ಮರಗಟ್ಟಿತ್ತು. ಇನ್ನರ್ಧದಲ್ಲಿ ನನ್ನ ಕಡೆ ನೋಡಿ ನಕ್ಕರು, ಪಾಪ.

ಮೆಷಿನಿನ ನಂಬರು ತಿದ್ದಲು ಎರಡು ನಿಮಿಷ ಸಾಕಾಯಿತು.

ಕೋಣೆ ಹೋಯಿತು ಅನ್ನಿಸುತ್ತದೆ.

ಜೂನ್ ೨೦, ಶುಕ್ರವಾರ

ಕೆಳಗೆ ಇಳಿಯಲಿಲ್ಲ. ಅಚ್ಚು ಸ್ಕ್ಯಾನ್ ಮಾಡಿದೆ.

ಜೂನ್ ೨೩, ಸೋಮವಾರ

ಹರಿಯಿತು! ಅಕ್ಕ ತನ್ನ ಕ್ಲಿನಿಕ್ಕಿನಿಂದ ವೀಡಿಯೊ ಕಾಲ್ ಮಾಡಿ ತನ್ನ ಸ್ಕ್ರೀನ್ ತೋರಿಸಿದಳು. ಅಪ್ಪ ಇಲ್ಲಿ ತೆಗೆದ ಎಕ್ಸ್‌ರೇ, ಅಲ್ಲಿ. "ಬಂತು ಕಣೇ ಹಾಸ್ಟೆಲ್ಲು! ನಿಜವಾಗ್ಲೂ ಬಂತು!" ಅಂದಳು. ಅಪ್ಪ ಬೆನ್ನು ತಟ್ಟಿದರು. ಗುರುವಾರದ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಪ್ಪನ ಲ್ಯಾಪ್‌ಟಾಪನ್ನೂ ನನ್ನದನ್ನೂ ಅದೇ ನೆಟ್‌ವರ್ಕಿಗೆ ಸೇರಿಸಿದೆ.

ಇನ್ನೂ ಇದೆ. ಕೊನೆಯ ಅರೆ ಖಾಲಿ! ಗೋಣಿಗಳು ಹೋದವು. ಕಪಾಟು ಬಿಚ್ಚಿಸಿದೆವು. ಪ್ಲಾಸ್ಟರಿನ ಪುಡಿಯನ್ನು ಅಮ್ಮನೂ ನಾನೂ ಸೇರಿ ಗುಡಿಸಿದೆವು. ಇಬ್ಬರ ಕೂದಲೂ ಬೆಳ್ಳಗಾಗಿ, ಅಮ್ಮ ನನ್ನನ್ನು "ಏನಜ್ಜೀ" ಅಂದಳು. ಕಪಾಟಿನ ಹಿಂದೆ ಒಂದು ಕಿಟಕಿ ಇತ್ತು! ಅದು ಇರುವುದೇ ನನಗೆ ಗೊತ್ತಿರಲಿಲ್ಲ, ಅಥವಾ ಮರೆತಿದ್ದೆ. ತೆರೆದರೆ ಪಕ್ಕದ ಮನೆಯ ತಂತಿ, ಒಣಗಿದ ಬಟ್ಟೆ, ಬಸ್ಸು ನಿಲ್ಲುವ ಜಾಗ. ಮಂಚ ಎಲ್ಲಿ ಹಾಕೋಣ ಅಂತ ಅಮ್ಮ ಕೈ ಚಾಚಿ ಅಳತೆ ನೋಡಿದಳು.

ಸೂಟ್‌ಕೇಸ್ ಸೋಫಾದ ಹಿಂದಿನಿಂದ ತೆಗೆದು ಕೋಣೆಯೊಳಗೆ ಇಟ್ಟೆ.

ಜೂನ್ ೨೬, ಗುರುವಾರ

ಕಾಲೇಜು ಬಸ್ಸಿಗೆ ಹೆಸರು ಕೊಡಲು ಕಾಲೇಜಿಗೆ ಹೋಗಿದ್ದೆ. ವಾಪಸ್ ಬಂದಾಗ ಸೂಟ್‌ಕೇಸ್ ಸೋಫಾದ ಹಿಂದೆ ಇತ್ತು. ಅಚ್ಚಿನ ಕೋಣೆಯಲ್ಲಿ ಇಬ್ಬರು ಗೋಡೆಗೆ ಎಸಿ ಕೂರಿಸುತ್ತಿದ್ದರು. ನಡುವೆ ಸರ್ವರ್, ಹೊಸ ಸ್ಟ್ಯಾಂಡ್ ಮೇಲೆ. ಕಿಟಕಿಗೆ ಪ್ಲೈವುಡ್ ಹೊಡೆದಿದ್ದರು.

"ನೀನು ಹೇಳಿದ್ದೆಲ್ಲ ಮಾಡಿಸಿದೀನಿ ನೋಡು," ಅಂದರು ಅಪ್ಪ, ಖುಷಿಯಲ್ಲಿ. "ಧೂಳಿಲ್ಲ, ತಂಪು, ಬೀಗ. ಸರಿ ಇದ್ಯಾ?"

ಸರಿ ಇದೆ ಅಂದೆ. ಆಮೇಲೆ, "ನಾನು?" ಅಂದೆ.

"ಈ ಸದ್ದಲ್ಲಿ ಮನುಷ್ಯರು ಮಲಗೋಕಾಗುತ್ತಾ ಮರೀ?"

"ನಾನು ಮಲಗ್ತೀನಿ. ಡಾರ್ಮಿಟರಿಯಲ್ಲಿ ಇಪ್ಪತ್ತು ಜನರ ಗೊರಕೇಲಿ ಮಲಗಿಲ್ವಾ?"

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಅಕ್ಕ ಅಂದಳು, "ಅಲ್ಲ ಕಣೇ, ನೀನೇ ತಾನೇ ಹೇಳಿದ್ದು, ಎಲ್ಲಿದ್ರೂ ಒಂದೇ ನೆಟ್‌ವರ್ಕು, ಮನೆಯೊಳಗೇ ಇದ್ದ ಹಾಗೆ ಅಂತ? ಹಾಸ್ಟೆಲ್ಲಿಂದಾನೇ ಎಲ್ಲ ನೋಡ್ಕೋಬಹುದಲ್ಲ. ದಿನಾ ಬಸ್ಸಲ್ಲಿ ಯಾಕೆ ಸಾಯ್ತೀಯ?"

ನಿಜ. ಅಷ್ಟು ಚೆನ್ನಾಗಿ ಕಟ್ಟಿದ್ದೆ. ಕೆಟ್ಟದಾಗಿ ಕಟ್ಟಿದ್ದರೆ ದಿನಾ ಯಾರಾದರೂ ಇಲ್ಲೇ ಇದ್ದು ನೋಡಿಕೊಳ್ಳಬೇಕಿತ್ತು.

ಅಮ್ಮನ ಕಡೆ ನೋಡಿದೆ. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಹೌದಲ್ವೇನೇ, ಎಲ್ಲಿದ್ರೂ ಮನೇಲಿದ್ದ ಹಾಗೇ ಅಲ್ವಾ," ಅಂದಳು. ಕೇಳಿದಳೋ ಹೇಳಿದಳೋ ತಿಳಿಯಲಿಲ್ಲ.

ಜೂನ್ ೩೦, ಸೋಮವಾರ

ಬಟ್ಟೆ ಮಡಿಸಿದೆ. ಬಸ್ಸಿನ ಪಟ್ಟಿಯಿಂದ ಹೆಸರು ತೆಗೆಸಿದೆ.

ಹೊರಡುವ ಮೊದಲು ಎಲ್ಲರಿಗೂ ಪಾಸ್‌ವರ್ಡ್ ಮಾಡಿಕೊಟ್ಟೆ. ಯಾರಿಗೆ ಏನು ಬೇಕೋ ಅಷ್ಟೇ. ಅಪ್ಪನಿಗೆ ಎಕ್ಸ್‌ರೇ, ಆಂಟಿಗೆ ಅಪಾಯಿಂಟ್‌ಮೆಂಟ್. ಅಡ್ಮಿನ್ ನಾನೊಬ್ಬಳೇ. ಕೇಳಿದ್ದರೆ ಅದನ್ನೂ ಕೊಡುತ್ತಿದ್ದೆ. ಅಂಥದ್ದೊಂದು ಇದೆ ಅಂತಲೇ ಯಾರಿಗೂ ಗೊತ್ತಿಲ್ಲ.

ಅಮ್ಮ ಬಾಗಿಲ ತನಕ ಬಂದಳು. "ದಿನಾ ಫೋನ್ ಮಾಡೇ."

ಜುಲೈ ೧೪, ಸೋಮವಾರ

ಹಾಸ್ಟೆಲ್. ಈ ಸಲ ಕಿಟಕಿ ಪಕ್ಕದ ಮಂಚ ಸಿಕ್ಕಿದೆ. ಪಕ್ಕದವಳಿಗೆ ಬೇಕಿತ್ತಂತೆ. ಮೊದಲು ಬಂದವರಿಗೆ ಅಂದೆ.

ಬೆಳಿಗ್ಗೆ ಎದ್ದು ನೆಟ್‌ವರ್ಕ್ ನೋಡುತ್ತೇನೆ, ಹಲ್ಲುಜ್ಜುವ ಮೊದಲೇ. ಪಟ್ಟಿಯಲ್ಲಿ ಮನೆಗೆ ಸೈಟ್ ಒಂದು, ಅಕ್ಕನ ಕ್ಲಿನಿಕ್ಕಿಗೆ ಸೈಟ್ ಎರಡು ಅಂತ ಹೆಸರಿಟ್ಟಿದ್ದೇನೆ. ಅಪ್ಪನ ಲ್ಯಾಪ್‌ಟಾಪ್ ಹಸಿರು, ಅಂದರೆ ಅಪ್ಪ ಎದ್ದಿದ್ದಾರೆ. ಅಕ್ಕನ ಕ್ಲಿನಿಕ್ ಹಸಿರು, ಅಂದರೆ ಅಕ್ಕ ತಲುಪಿದಳು. ಫೋನ್ ಮಾಡಿ ಕೇಳಬೇಕಾಗಿಯೇ ಇಲ್ಲ, ಆರಾಮ. ಅಮ್ಮನ ಹೆಸರಿನಲ್ಲಿ ಯಾವ ಮೆಷಿನೂ ಇಲ್ಲ, ಹಾಗಾಗಿ ಅವಳದು ಕಾಣುವುದಿಲ್ಲ.

ಜುಲೈ ೩೦, ಬುಧವಾರ

ಕೌಂಟರ್ ಆಂಟಿ ಫೋನ್ ಮಾಡಿದ್ದರು. ಪಾಸ್‌ವರ್ಡ್ ಮರೆತಿದ್ದಾರೆ, ಪೇಷೆಂಟ್‌ಗಳು ಕಾಯುತ್ತಿದ್ದಾರೆ.

"ಈಮೇಲಲ್ಲಿ ಕೇಳಿ," ಅಂದೆ.

"ಅಯ್ಯೋ, ನಾನೇ ಮಾತಾಡ್ತಿದೀನಲ್ಲಮ್ಮ. ದನಿ ಗೊತ್ತಾಗ್ಲಿಲ್ವಾ?"

"ದನಿ ಎಲ್ಲ ಲೆಕ್ಕಕ್ಕೆ ಬರಲ್ಲ ಆಂಟಿ. ರೂಲ್ ಅಂದ್ರೆ ರೂಲ್. ಯಾರು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಈಮೇಲ್ ಬಂತು. ಅರ್ಥವಾಗದ ಸ್ಪೆಲಿಂಗ್. ಕ್ಲಾಸ್ ಮುಗಿಸಿ ಬಂದು ರೀಸೆಟ್ ಮಾಡಿದೆ. ಆ ಹೊತ್ತಿಗೆ ಅಲ್ಲಿ ಏನೋ ಗಲಾಟೆ ಆಯಿತಂತೆ. ಅಪ್ಪ ಮೆಸೇಜ್ ಹಾಕಿದ್ದರು, ಸ್ವಲ್ಪ ಬೇಗ ನೋಡು ಮರೀ ಅಂತ. 'ಪ್ಲೀಸ್' ಅಂತಲೂ ಇತ್ತು.

ಈಗ ಉಗುರು ಕಚ್ಚುವುದು ನಿಂತಿದೆ. ತಾನಾಗಿಯೇ.

ಆಗಸ್ಟ್ ೧೬, ಶನಿವಾರ

ಮಧ್ಯಾಹ್ನ ಬಟ್ಟೆ ನೆನೆಹಾಕಿದ್ದೆ, ಅಮ್ಮನ ಫೋನ್. ಅಚ್ಚಿನ ಕೋಣೆಯಿಂದ ಬೀಪ್ ಬೀಪ್ ಅಂತ ಸದ್ದು, ನಿಲ್ಲುತ್ತಲೇ ಇಲ್ಲವಂತೆ. ಅಪ್ಪ ಡಾಕ್ಟರುಗಳ ಯಾವುದೋ ಮೀಟಿಂಗಿಗೆ ಬೇರೆ ಊರಿಗೆ ಹೋಗಿದ್ದಾರೆ. ಅಕ್ಕ ಅವಳ ಕ್ಲಿನಿಕ್ಕಿನಲ್ಲಿ.

ಲಾಗಿನ್ ಆಗಿ ನೋಡಿದೆ. ಎರಡರಲ್ಲಿ ಒಂದು ಡಿಸ್ಕ್ ಸತ್ತಿದೆ. ಇನ್ನೊಂದೇ ಎಲ್ಲವನ್ನೂ ಹೊತ್ತಿದೆ. ಅದೂ ಹೋದರೆ ಆ ಅಚ್ಚುಗಳೆಲ್ಲ, ಎಕ್ಸ್‌ರೇಗಳೆಲ್ಲ ಹೋದ ಹಾಗೇ. ಇದನ್ನು ಇಲ್ಲಿಂದ ಸರಿಮಾಡಲು ಬರುವುದಿಲ್ಲ, ಕೈಯಿಂದಲೇ ಕಿತ್ತು ಹೊಸದು ಹಾಕಬೇಕು.

ಅಮ್ಮನಿಗೆ ಅಷ್ಟೇ ಹೇಳಿದೆ.

"ಹಾಗಾದ್ರೆ ನೀನೇ ಬಾ," ಅಂದಳು ಅಮ್ಮ. ದನಿ ಏನೋ ಹಗುರವಾಯಿತು. "ನಾಳೆ ಭಾನುವಾರ ತಾನೇ. ಇವತ್ತು ಬಂದು ಇದ್ದು, ನಾಳೆ ಸಂಜೆ ಹೋಗುವೆಯಂತೆ. ಸೋಫಾ ಬೇಡ. ಅಪ್ಪ ಇಲ್ವಲ್ಲ, ನನ್ನ ಪಕ್ಕದಲ್ಲೇ ಮಲಕ್ಕೋ. ಏನು ಮಾಡಿಡ್ಲಿ ಹೇಳು?"

ಬಟ್ಟೆ ಬೇರೆ ನೆನೆಹಾಕಿದ್ದೆ. ಶನಿವಾರ ಬಸ್ಸೂ ರಶ್.

"ಬರೋ ಅಗತ್ಯ ಇಲ್ಲಮ್ಮ. ವೀಡಿಯೊ ಆನ್ ಮಾಡು, ನಾನು ಹೇಳ್ತೀನಿ, ನೀನು ಮಾಡು."

"ನಾನಾ? ಮಿಕ್ಸಿ ವೈರ್ ಮುಟ್ಟೋಕೂ ಹೆದರ್ತೀನಿ ಕಣೇ ನಾನು!"

"ಕಷ್ಟ ಏನಿಲ್ಲ. ಹೇಳಿದಷ್ಟು ಮಾಡು."

ಮಾಡಿದಳು. ಹೊರಡುವ ಮೊದಲು ನಾನೇ ಇಟ್ಟಿದ್ದ ಹೊಸ ಡಿಸ್ಕನ್ನು ಸ್ಟ್ಯಾಂಡಿನ ಕೆಳಗಿನ ಡಬ್ಬಿಯಿಂದ ತೆಗೆಸಿದೆ. ಕೆಂಪು ದೀಪ ಯಾವುದು ಅಂತ ತೋರಿಸಲು ಹೇಳಿದೆ. ಅಮ್ಮನ ಬೆರಳು ಹಸಿರು ದೀಪದ ಮೇಲೆ ಹೋಯಿತು. "ಅದಲ್ಲ!" ಅಂತ ಕೂಗಿದೆ. ಅವಳು ಕೈ ಎಳೆದುಕೊಂಡಳು, ಬಿಸಿ ತಾಗಿದವಳ ಹಾಗೆ. "ಸಾರಿ ಸಾರಿ," ಅಂದಳು. "ಸಾರಿ ಬೇಡ, ಸರಿಯಾಗಿ ನೋಡು. ಅದನ್ನ ಎಳೆದಿದ್ರೆ ಎಲ್ಲ ಮುಗೀತಿತ್ತು," ಅಂದೆ. ಆಮೇಲೆ ಸರಿಯಾಗಿ ಮಾಡಿದಳು. ಕ್ಲಿಪ್ ಒತ್ತಿದಳು, ಹಳೆಯದನ್ನು ಎಳೆದಳು, ಹೊಸದನ್ನು ತಳ್ಳಿದಳು. ಟಕ್ ಅಂತು. ಬೀಪ್ ನಿಂತಿತು.

"ಆಯ್ತಾ?"

"ಆಯ್ತು. ಇನ್ನು ಒಂದರಿಂದ ಇನ್ನೊಂದಕ್ಕೆ ಅದೇ ಬರ್ಕೊಳ್ಳುತ್ತೆ. ಸಂಜೆ ಆಗಬಹುದು."

"ಅಲ್ಲೀವರೆಗೂ ನಾನು ಇಲ್ಲೇ ಇರ್ಬೇಕಾ?"

"ಯಾರೂ ಇರೋದು ಬೇಡ."

ಅಮ್ಮ ಹೋಗಲಿಲ್ಲ. ಫೋನನ್ನು ಸ್ಟ್ಯಾಂಡಿಗೆ ಒರಗಿಸಿ ನೆಲದ ಮೇಲೆ ಕೂತಳು, ಎಸಿಯ ತಂಪಿಗೆ ಸೆರಗು ಹೊದ್ದುಕೊಂಡು. ಆ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು, ಹಾಗಾಗಿ ಸುಮ್ಮನೆ ನನ್ನ ಕಡೆ ನೋಡುತ್ತಿದ್ದಳು. ಅವಳೇ ಕಾಲ್ ಕಟ್ ಮಾಡಲಿ ಅಂತ ಸ್ವಲ್ಪ ಹೊತ್ತು ಕಾದೆ. ಮಾಡಲಿಲ್ಲ. ನಾನೇ ಮಾಡಿದೆ.

ಬಟ್ಟೆ ಒಗೆದು ಹಾಕಿದೆ. ಸಂಜೆ ನೋಡಿದರೆ ಸೈಟ್ ಒಂದರಲ್ಲಿ ಎರಡೂ ಡಿಸ್ಕ್ ಹಸಿರು. ಏನೂ ಕಳೆದುಹೋಗಿಲ್ಲ.